ತೆಗೆದುಕೊಳ್ಳದೆ ಬಿಟ್ಟ ಪ್ಯಾದಾ

ನಮ್ಮ ಡ್ರಿಲ್ ಸರ್ ಅವರ ಬಲಗೈಯ ತೋರುಬೆರಳು ಮಡಚುತ್ತಿರಲಿಲ್ಲ. ಹರೆಯದಲ್ಲಿ ಕಬಡ್ಡಿ ಆಡುವಾಗ ಮುರಿದದ್ದು ಹಾಗೇ ಸೆಟೆದು ಕೂಡಿಕೊಂಡಿತ್ತು. ಚದುರಂಗದ ಕಾಯಿಯನ್ನು ಹೆಬ್ಬೆರಳು, ನಡುಬೆರಳುಗಳಲ್ಲಿ ಹಿಡಿದು ಎತ್ತುತ್ತಿದ್ದರು. ತೋರುಬೆರಳು ಮಾತ್ರ ಎದುರಿಗೆ ಕೂತವರ ಮುಖಕ್ಕೆ ನೆಟ್ಟಗೆ ನಿಂತಿರುತ್ತಿತ್ತು. ಆಡುತ್ತಿದ್ದಾರೋ ಬೈಯುತ್ತಿದ್ದಾರೋ ಎಂದು ಹೊಸಬರಿಗೆ ಗೊತ್ತಾಗುತ್ತಿರಲಿಲ್ಲ. ಎಷ್ಟೋ ಸಲ ಎರಡೂ ನಡೆದಿರುತ್ತಿತ್ತು.

ಮನೂರಿನಿಂದ ನಾರಾಯಣಖೇಡದ ಶಾಲೆಗೆ ನಾನು ಶೇರ್ ಆಟೋದಲ್ಲಿ ಬರುತ್ತಿದ್ದೆ. ಆಟೋ ತುಂಬಿದಾಗ ಹೊರಡಬೇಕು, ಇಲ್ಲವಾದರೆ ಮುಂದಿನದು ಯಾವಾಗಲೋ. ಹಾಗಾಗಿ ಗಂಟೆ ಹೊಡೆಯುವುದಕ್ಕಿಂತ ಎಷ್ಟೋ ಮೊದಲೇ ಬಂದು ವರಾಂಡದಲ್ಲಿ ಒಬ್ಬಳೇ ಕೂತಿರುತ್ತಿದ್ದೆ. ಮೈದಾನಕ್ಕೆ ಸುಣ್ಣದ ಗೆರೆ ಎಳೆಯಲು ಬಂದ ಸರ್ ಒಂದು ದಿನ ಸುಮ್ಮನೆ ಕೂಡಬೇಡ ಎಂದು ಚದುರಂಗದ ಹಲಗೆ ತಂದಿಟ್ಟರು. ಪಾಠ ಹಾಗೆ ಶುರುವಾಯಿತು. ಸಾಮಾನ್ಯ ಮಾತಿಗೆ ತೆಲುಗು, ಸಿಟ್ಟಿಗೆ ಕನ್ನಡ, ರಾಜನಿಗೆ ಶಹ ಕೊಡುವಾಗ ಉರ್ದು, ಇದು ಅವರ ಪದ್ಧತಿ. ನಾನು ಹೆಚ್ಚಾಗಿ ಕೇಳಿದ್ದು ಕನ್ನಡವನ್ನೇ.

ಅವರು ಸದಾ ಬಿಳಿ ಕಾಯಿ ಹಿಡಿದು ಒಂದೇ ಆರಂಭ ಆಡುತ್ತಿದ್ದರು. ರಾಜನ ಮುಂದಿನ ಪ್ಯಾದಾ, ಅಂದರೆ ಕಾಲಾಳು, ಎರಡು ಮನೆ ನಡೆಯುತ್ತದೆ. ಕಪ್ಪೂ ಹಾಗೆಯೇ ನಡೆಯುತ್ತದೆ. ತಕ್ಷಣ ಬಿಳಿ ಪಕ್ಕದ ಪ್ಯಾದಾವನ್ನು ಮುಂದೆ ತಂದು, ಬೇಕಾದರೆ ಹೊಡೆದುಕೋ ಎಂದು ಬಿಟ್ಟುಕೊಡುತ್ತದೆ. ಹೊಡೆದರೆ ಒಂದು ಕಾಯಿ ಲಾಭ, ಆದರೆ ದಾರಿ ತೆರೆದು ಬಿಳಿಯ ದಂಡು ಕಪ್ಪು ರಾಜನ ಮೇಲೆ ಬೀಳುತ್ತದೆ. ಹೊಡೆಯದೆ ಒಂಟೆಯನ್ನು ಹೊರಗೆ ತಂದು ಗಟ್ಟಿಯಾಗಿ ಕೂರಲೂಬಹುದು. ನನಗೆ ಹೊಡೆಯುವ ಆಸೆ. ಅವರಿಗೆ ಅದು ಸುತರಾಂ ಒಪ್ಪಿಗೆಯಿಲ್ಲ.

‘ತಗೊಂಡ್ರ ಏನ್ ಆಗ್ತದ ಸರ್?’ ಎಂದು ಕೇಳಿದ್ದೆ.

‘ಪುಕ್ಕಟ ಯಾಕ ಕೊಡಾಕತ್ಯಾನ ಅಂತ ಮೊದಲ ಕೇಳ್. ಆಮ್ಯಾಲ ಕೈ ಚಾಚು.’

ಉತ್ತರ ಅಷ್ಟೇ. ಹೊಡೆದ ಮೇಲೆ ಹೇಗೆ ಆಡಬೇಕು ಎಂಬುದನ್ನು ಕಲಿಸಲೇ ಇಲ್ಲ. ಆ ಪ್ಯಾದಾವನ್ನು ನಾನು ಮುಟ್ಟಿದರೆ ಹಲಗೆಯನ್ನೇ ಮಡಚಿಬಿಡುತ್ತಿದ್ದರು. ಅವರ ಮೇಲಿನ ನನ್ನ ಸಿಟ್ಟು ಶುರುವಾದದ್ದು ಅಲ್ಲಿಂದ.

ಒಂಬತ್ತನೇ ತರಗತಿಯಲ್ಲಿ ಸಂಗಾರೆಡ್ಡಿಗೆ ಜಿಲ್ಲಾ ಮಟ್ಟದ ಆಟಕ್ಕೆ ಹೋದೆ. ಕೊನೆಯ ಆಟ ಗೆದ್ದರೆ ರಾಜ್ಯ ಮಟ್ಟಕ್ಕೆ, ಹೈದರಾಬಾದಿಗೆ. ಎದುರಿಗಿದ್ದ ಹುಡುಗಿ ಅದೇ ಪ್ಯಾದಾವನ್ನು ಅದೇ ರೀತಿ ಬಿಟ್ಟುಕೊಟ್ಟಳು. ನನ್ನ ಕೈ ಅದರ ಮೇಲೆಯೇ ತಡೆಯಿತು. ತಲೆ ಎತ್ತಿದರೆ ಬಾಗಿಲಲ್ಲಿ ಸರ್ ನಿಂತಿದ್ದರು. ಆಟದ ನಡುವೆ ಅವರು ಏನೂ ಹೇಳುವಂತಿರಲಿಲ್ಲ. ನಾನು ಒಂಟೆಯನ್ನು ಹೊರಗೆ ತಂದೆ. ಕೆಲವು ನಡೆಗಳಾದ ಮೇಲೆ ಅವಳು ಆ ಪ್ಯಾದಾವನ್ನು ಇನ್ನೂ ಒಂದು ಮನೆ ಮುಂದೆ ತಳ್ಳಿದಳು. ನನ್ನ ಇನ್ನೊಂದು ಒಂಟೆ ಮನೆಯೊಳಗೇ ಸಿಕ್ಕಿಬಿದ್ದಿತು. ಇಕ್ಕಟ್ಟಿನಲ್ಲಿ ಒದ್ದಾಡಿ ಒದ್ದಾಡಿ ಸೋತೆ.

ವಾಪಸು ಬರುವಾಗ ಬಸ್ಸಿನಲ್ಲಿ, ನೀವೇ ತಗೊಬ್ಯಾಡ ಅಂದಿದ್ರಿ ಎಂದೆ. ‘ಹೌದು, ನಾನಽ ಅಂದಿದ್ದೆ’ ಎಂದು ಕಿಟಕಿಯ ಕಡೆ ತಿರುಗಿದರು. ಮುಂದಿನ ವರ್ಷ ಹತ್ತನೇ ತರಗತಿ. ಆಟ ಸಾಕು ಎಂದು ಅಪ್ಪ ಹೇಳಿದರು. ಅಲ್ಲಿಗೆ ಮುಗಿಯಿತು.

ನನ್ನ ಮಟ್ಟಿಗೆ ಮುಗಿಯಿತು. ಅವರ ಮಟ್ಟಿಗೆ ಮುಗಿದಿರಲಿಲ್ಲ. ನಾನು ತಾಂಡೂರಿನ ಒಂದು ಕಲ್ಲು ಪಾಲಿಶ್ ಕಾರ್ಖಾನೆಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದೆ. ಅವರು ನಿವೃತ್ತರಾಗಿ ಜಹೀರಾಬಾದಿನಲ್ಲಿ ನೆಲೆಸಿದರು. ನನ್ನ ನಂಬರು ಯಾರಿಂದಲೋ ಪಡೆದು ಫೋನ್ ಮಾಡತೊಡಗಿದರು. ಕ್ಷೇಮ ಸಮಾಚಾರ ಇಲ್ಲ, ನೇರ ಆಟ. ಪ್ಯಾದಾ ಹೊಡೆದು, ಕುದುರೆ ಕಡೆಯ ಪ್ಯಾದಾದಿಂದ ಅದನ್ನು ಕಾಯಬೇಕಿತ್ತು ಎಂದು ಒಮ್ಮೆ. ಇಲ್ಲ, ಅದರಲ್ಲಿ ಹುಳುಕಿದೆ ಎಂದು ಮತ್ತೊಮ್ಮೆ. ಹಿಂದೆ ಕಲ್ಲು ಕೊಯ್ಯುವ ಯಂತ್ರ ಕಿರುಚುತ್ತಿರುತ್ತಿತ್ತು, ಎದುರಿಗೆ ಲಾರಿ ಡ್ರೈವರು ಬಿಲ್ಲಿಗಾಗಿ ನಿಂತಿರುತ್ತಿದ್ದ. ಡ್ಯೂಟಿ ಮ್ಯಾಲ ಇದ್ದೀನ್ರಿ ಸರ್ ಎಂದರೆ, ಒಂದೇ ನಡೆ ಅದ, ಕೇಳು ಎನ್ನುತ್ತಿದ್ದರು. ರೋಸಿಹೋಗಿ ಒಂದು ದಿನ, ಇದನ್ನೆಲ್ಲ ಫೋನಿನ ಚೆಸ್ ಆ್ಯಪೇ ಹೇಳ್ತದ್ರಿ, ಅದಕ್ಕೇ ಕೇಳ್ರಿ ಎಂದುಬಿಟ್ಟೆ.

‘ಫೋನ್ ಗೆದ್ರ ನಿನಗೇನ್ ಬಂತು?’ ಎಂದರು.

ಆಮೇಲೆ ಅವರ ಪತ್ನಿಯೇ ಫೋನ್ ಮಾಡಿ, ಸರ್ ಅವರ ಎದೆ ಕೆಟ್ಟಿದೆ, ಉಸಿರಾಡಲು ಕಷ್ಟವಾಗಿದೆ, ಬಂದು ಹೋಗು ಎಂದರು. ಭಾನುವಾರ ಜಹೀರಾಬಾದಿಗೆ ಹೋದೆ. ಮಂಚದಲ್ಲಿ ದಿಂಬಿಗೆ ಒರಗಿದ್ದವರು ನನ್ನನ್ನು ಕಂಡದ್ದೇ ಹಲಗೆ ತರಿಸಿ ಕಪ್ಪು ಕಾಯಿಗಳನ್ನು ನನ್ನ ಕಡೆ ಇಟ್ಟರು. ಪಕ್ಕದ ಪ್ಯಾದಾ ಮುಂದೆ ಬಂತು. ನಾನು ಹೊಡೆದೆ. ಅವರು ಕುದುರೆ ತಂದರು. ನಾನು ವಜೀರನ, ಅಂದರೆ ಮಂತ್ರಿಯ, ಮುಂದಿನ ಪ್ಯಾದಾವನ್ನು ಎರಡು ಮನೆ ನಡೆಸಿ, ಪಡೆದದ್ದನ್ನು ತಿರುಗಿ ಕೊಟ್ಟುಬಿಟ್ಟೆ. ಲಾಭ ಹೋಯಿತು, ಆದರೆ ನನ್ನ ಕಾಯಿಗಳೆಲ್ಲ ಸರಾಗ ಹೊರಬಂದವು. ಅವರ ದಾಳಿಗೆ ಹಿಡಿಯಲು ಏನೂ ಸಿಗಲಿಲ್ಲ. ಚಹಾ ಆರುವಷ್ಟರಲ್ಲಿ ಅವರು ಸೋಲೊಪ್ಪಿ ರಾಜನನ್ನು ಮಲಗಿಸಿದರು.

‘ಇಷ್ಟ ಇತ್ತೇನ?’ ಎಂದರು. ‘ತಗೊಂಡು ವಾಪಸ್ ಕೊಟ್ರ ಆತು. ಇಷ್ಟು ಸರಳ ಇತ್ತು ಬೇಟಾ. ನಾನಽ ನಿನ್ನ ಕೈ ತಡದೆ.’

‘ಆವತ್ತು ತಗೊಂಡಿದ್ರೂ ನಾ ಸೋಲ್ತಿದ್ದೆನ್ರಿ ಸರ್. ಆ ಹುಡುಗಿ ನನಗಿಂತ ಭಾಳ ಚಲೋ ಆಡ್ತಿದ್ದಳು.’

ಸಮಾಧಾನಕ್ಕೆ ಹೇಳಿದ್ದಲ್ಲ, ನಿಜವನ್ನೇ ಹೇಳಿದ್ದೆ. ತಿರುಗಿ ಕೊಡುವ ಈ ನಡೆ ಆಗ ನನಗೆ ಗೊತ್ತೇ ಇರಲಿಲ್ಲ, ಆಮೇಲೆ ಫೋನಿನಲ್ಲಿ ನೋಡಿ ಕಲಿತದ್ದು. ಅವರು ತಲೆ ಅಲ್ಲಾಡಿಸಿದರು.

‘ಇಲ್ಲ. ನೀ ಗೆಲ್ತಿದ್ದಿ.’

ನಾನು ಬಿಡಲಿಲ್ಲ. ಅವಳ ಒಂದೊಂದು ನಡೆಯನ್ನೂ ನೆನಪು ಮಾಡಿ ವಾದಿಸಿದೆ. ಅವರೂ ಬಿಡಲಿಲ್ಲ. ಕೆಮ್ಮು ಹತ್ತಿತು, ಆದರೂ ಅದೇ ಮಾತು. ನನ್ನ ದನಿ ಏರಿದ್ದನ್ನು ಕೇಳಿ ಅವರ ಪತ್ನಿ ಒಳಗೆ ಬಂದು, ಸಾಕು ಮಾಡ್ರಿ ಇಬ್ಬರೂ ಎಂದು ಹಲಗೆ ಎತ್ತಿಕೊಂಡು ಹೋದರು. ಸಿಟ್ಟಿನಲ್ಲೇ ಬಸ್ಸು ಹತ್ತಿದೆ. ಆ ಭಾರವನ್ನು ಅವರ ತಲೆಯಿಂದ ಇಳಿಸಲು ಹೋಗಿದ್ದೆ, ಹಿಡಿದ ಪಟ್ಟು ಬಿಡದ ಮನುಷ್ಯ ಇಳಿಸಗೊಡಲಿಲ್ಲ.

ಕೆಲವೇ ವಾರಗಳಲ್ಲಿ ಅವರು ತೀರಿಕೊಂಡರು. ಮಣ್ಣು ಮಾಡುವ ದಿನ ಹೋದಾಗ ಅವರ ಪತ್ನಿ ನನ್ನನ್ನು ನೆರೆಹೊರೆಯವರಿಗೆ ತೋರಿಸಿ, ಹೈದರಾಬಾದಿನ ಆಟಕ್ಕೆ ಹೋಗಬೇಕಿದ್ದ ಹುಡುಗಿ ಇವಳೇ ಎಂದರು. ಆ ಮನೆಯಲ್ಲಿ ನನ್ನ ಗುರುತು ಅದೇ ಆಗಿತ್ತು. ಅಲ್ಲ ಎನ್ನಬೇಕೆಂದಿದ್ದವಳು ಅವರಿಗೆಲ್ಲ ಕೈ ಮುಗಿದೆ. ನಮ್ಮ ಮನೆಯಲ್ಲಾಗಲಿ, ನಾನು ಕೆಲಸ ಮಾಡುವಲ್ಲಾಗಲಿ, ನಾನು ಗೆಲ್ಲುತ್ತಿದ್ದೆ ಎಂದು ಯಾರೂ ಯಾವತ್ತೂ ಯಾರೊಂದಿಗೂ ಜಗಳಾಡಿದ್ದಿಲ್ಲ. ಅವರು ನನ್ನೊಂದಿಗೇ ಜಗಳಾಡಿದ್ದರು.