ಬಂದೂಕು ಮಾರಿದ ಪಟೇಲರು

ಸಾಸಲು ಕಡೆಯ ಮಾಜಿ ಪಟೇಲ ದೊಡ್ಡಬೀರಪ್ಪನವರು ತಮ್ಮ ನಾಲ್ಕೂ ಬಂದೂಕುಗಳನ್ನು ಬೆಂಗಳೂರಿನ ಅಂಗಡಿಯೊಂದಕ್ಕೆ ಮಾರಿ ಆರು ವರ್ಷವಾಯಿತು. ಅದಕ್ಕಾಗಿ ಆರು ನಿಮಿಷವೂ ಕೊರಗಿದವರಲ್ಲ. ಅಜ್ಜನ ಕಾಲದ ಬಂದೂಕಿನಿಂದ ಹಿಡಿದು ಜೋಡುನಳಿಗೆಯವರೆಗೆ ಅವು ನೇತಾಡುತ್ತಿದ್ದ ಪಡಸಾಲೆಯ ಗೂಟಗಳಲ್ಲಿ ಈಗ ಹೆಂಡತಿ ನರಸಮ್ಮನವರ ಈರುಳ್ಳಿ ಗೊಂಚಲು, ಬಿತ್ತನೆಯ ಜೋಳದ ತೆನೆ, ಮೊಮ್ಮಗಳ ಸ್ಕೂಲ್ ಚೀಲ ತೂಗುತ್ತವೆ. ಹೋಟೆಲಿನ ಬೆಂಚಿನಲ್ಲಿ ಯಾರಾದರೂ, "ಪಟೇಲ್ರೇ, ಆಯುಧಪೂಜೆಗೆ ಈ ಸಲ ಏನಿಡ್ತೀರಾ?" ಎಂದು ಕೆಣಕಿದರೆ, "ನಿನ್ನ ನಾಲ್ಗೇನೇ ಇಡ್ತೀನಿ ಬಾರಪ್ಪ, ಅದಕ್ಕಿಂತ ಹರಿತವಾದ್ದು ಈ ಊರಲ್ಲಿ ಇನ್ನೇನೈತೆ?" ಎನ್ನುತ್ತಾರೆ. ಕೊಡೆಯನ್ನು ಇನ್ನೂ ಬಂದೂಕಿನಂತೆಯೇ ಹೆಗಲಿಗೇರಿಸಿ ನಡೆಯುತ್ತಾರೆ. ಮಳೆ ಬಂದರೆ ಅದನ್ನು ಬಿಚ್ಚಬೇಕೆಂದು ನೆನಪಾಗುವುದು ಪೂರ್ತಿ ನೆಂದ ಮೇಲೆ. ಈ ವರ್ಷ ಹಂದಿಗಳು ಕಡಲೆಕಾಯಿ ಹೊಲಗಳನ್ನು ಉತ್ತಂತೆ ಕೆದಕಿಹಾಕಿದಾಗ ಊರವರೆಲ್ಲ ಅವರ ಜಗುಲಿಗೆ ಬಂದರು. "ಒಂದನ್ನಾದ್ರೂ ಇಟ್ಕೋಬೇಕಿತ್ತು. ಮಾರಿದ್ದು ತಪ್ಪಾಯ್ತು ಅಂತ ಈಗ್ಲಾದ್ರೂ ಒಪ್ಕೊಳ್ಳಿ ಪಟೇಲ್ರೇ" ಎಂದ ಪಕ್ಕದ ಹೊಲದ ಚಿಕ್ಕವೆಂಕಟಪ್ಪ. ಎಲ್ಲರದಕ್ಕಿಂತ ಹೆಚ್ಚು ಹಾಳಾಗಿದ್ದುದು ಪಟೇಲರ ಹೊಲವೇ. ಆರು ವರ್ಷದ ಹಿಂದೆ, ನಸುಕಿನ ಮಂಜಿನಲ್ಲಿ, ಕರಿಕಂಬಳಿ ಹೊದ್ದು ಆ ಹೊಲದಲ್ಲಿ ಕಾವಲು ಕೂತಿದ್ದ ಆಳು ಕೊಂಡಪ್ಪನನ್ನು ಅವರು ಹಂದಿಯೆಂದು ತಿಳಿದಿದ್ದರು. ಹೊಡೆದ ಗುಂಡಿಗೆ ಅವನ ಒಂದು ಕಾಲು ಹೋಯಿತು. ಬಂದೂಕುಗಳು ಬೆಂಗಳೂರಿಗೆ ಹೋದದ್ದು ಅದರ ಮರುವಾರ. "ತಪ್ಪು ಮಾರಿದ್ದಲ್ಲ ಕಣಪ್ಪ" ಎಂದರು ಪಟೇಲರು. " ಕಡಲೆಕಾಯಿ ಮುಂದಿನ ವರ್ಷ ಬೆಳೀತೈತೆ, ಕೊಂಡಪ್ಪನ ಕಾಲು ಬೆಳೀತೈತಾ? ಸೀಮೆಎಣ್ಣೆ ಡಬ್ಬ ಇದ್ದೋರು ತನ್ನಿ, ಬಡ್ಕೊಂಡು ಹೊಲ ಕಾಯಾನ. ಮೊದ್ಲು ನಾನ್ ಕೂತ್ಕೋತೀನಿ. ಕಂಬಳಿ ಹೊದ್ಕೊಂಡೇ ಕೂತ್ಕೋತೀನಿ, ಹೊಡೆಯೋರು ಈಗ ಯಾರೂ ಇಲ್ಲ."