ಗ್ಯಾಲರಿಗೆ ಬಂದ ಪಾತೇಲಿಗಳು

ನಲ್ಲಿ ನೀರನ್ನು ಯಾರಾದರೂ ಬೈದರೆ ಮುಂಬಯಿಯ ಕುರ್ಲಾ ಚಾಳಿನ ಕಾಶವ್ವನಿಗೆ ಸಿಟ್ಟು ಬರುತ್ತಿತ್ತು. ಅಂದು ಬೈದವಳು ಸೊಸೆ ವೈಶಾಲಿ.

“ಅತ್ತಿ, ಈ ವಾಸನಿ ಹೊಡಿಯೋ ಕ್ಲೋರಿನ್ ನೀರು ಕುಡಿದ್ರ ರೋಗ ಬರ್ತೈತಂತ, ಮೊಬೈಲ್‌ನ್ಯಾಗ ಬಂದೈತಿ.”

“ಔಷಧಿ ಹಾಕದಿದ್ರ ವಾಂತಿ-ಭೇದಿ ಬರ್ತೈತಿ! ವಾಸನಿ ತಾನ ಹಾರಿ ಹೋಗ್ತೈತಿ, ತಡಿ.”

ಕಾಶವ್ವ ಅಗಲ ಬಾಯಿಯ ಪಾತೇಲಿಗೆ ನೀರು ತುಂಬಿ, ತೆಳು ಬಟ್ಟೆ ಕಟ್ಟಿ ಮನೆಗಳ ಮುಂದಿನ ಉದ್ದ ಗ್ಯಾಲರಿಯಲ್ಲಿಟ್ಟಳು. ಬೆಕ್ಕಿನ ಕಾಟಕ್ಕೆ ಅತ್ತೆ-ಸೊಸೆ ಕಾವಲು ಕೂತರು. ವಾರ ಕಳೆಯುವುದರೊಳಗೆ ಮನೆಮನೆಯ ಪಾತೇಲಿಯೂ ಹೊರಬಂತು. ಜೊತೆಗೆ ಹೆಂಗಸರು, ಚಹಾ, ಚುರುಮುರಿ, ಹೊಟ್ಟೆ ಹುಣ್ಣಾಗುವಷ್ಟು ನಗು.

ಕಡೆಗೆ ಕಾಶವ್ವನ ಮಗ ಚೇತನ ಫಿಲ್ಟರ್ ತಂದು ಗೋಡೆಗೆ ಹಾಕಿಸಿದ. ಮರುದಿನ ಬೆಳಿಗ್ಗೆ ವೈಶಾಲಿ ಮತ್ತೆ ಪಾತೇಲಿ ಎತ್ತಿದಳು.

“ಈಗ್ಯಾಕ ಅದು? ವಾಸನಿನ ಇಲ್ಲಲ್ಲ!” ಎಂದ ಚೇತನ.

“ವಾಸನಿ ಹೋತ್ರೀ. ನಿನ್ನಿ ಮಾತು ಇನ್ನೂ ಅರ್ಧಕ್ಕ ನಿಂತೈತಿ!”

ಕಾಶವ್ವ ಆಗಲೇ ಬಾಗಿಲಾಚೆ ಇದ್ದಳು.