ಖಾಲಿ ಮೊಳೆ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು, ಹಾಗೇ ಎದ್ದು ಹೋಗಿದ್ದೇನೆ. ಈಚೆಗೆ ಟಿವಿಯಲ್ಲಿ ಯಾವುದೋ ದೇಶದ ದೊಡ್ಡ ಮ್ಯೂಜಿಯಂನಲ್ಲಿ ಹಾಡಹಗಲೇ ಕಳವಾದ ಸುದ್ದಿ ಬಂತು. ಜಲನಗರದ ಮಗಳ ಮನೆಯಲ್ಲಿ ಎಲ್ಲರೂ ಕಳ್ಳರ ಜಾಣತನವನ್ನೇ ಮಾತಾಡುತ್ತಿದ್ದರು. ನಾನು ಮಾತ್ರ ಅಲ್ಲಿನ ಕಾವಲುಗಾರರ ಮುಖ ಹುಡುಕುತ್ತಿದ್ದೆ.

ನಾನೂ ವಿಜಯಪುರದ ಒಂದು ಸಣ್ಣ ಮ್ಯೂಜಿಯಂನಲ್ಲಿ ಕಾವಲುಗಾರನಾಗಿದ್ದೆ. ತಿಕೋಟಾದಿಂದ ದಿನಾ ಬಸ್ಸಿಗೆ ಬರುತ್ತಿದ್ದೆ. ಫೋಟೋ ತೆಗೆಸಲು ಮ್ಯೂಜಿಯಂನ ಸಾಹೇಬರು ಚಿತ್ರಗಳನ್ನು ಒಳಕೋಣೆಗೆ ಒಯ್ಯುವಾಗ ನಮಗೆ ಹೇಳುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ. ಗೋಡೆಯ ಮೇಲೆ ಖಾಲಿ ಮೊಳೆ ಕಂಡರೆ ಚಿತ್ರ ಒಳಗಿದೆ ಎಂದುಕೊಳ್ಳುವುದು ನಮ್ಮ ರೂಢಿ.

ಒಂದು ಬೆಳಿಗ್ಗೆ ಕಸ ಗುಡಿಸುವ ಹೆಣ್ಣುಮಗಳು ನನ್ನ ಹತ್ತಿರ ಬಂದಳು. ಬಬಲೇಶ್ವರದವಳು, ದಿನಗೂಲಿ. ಆಕೆಯನ್ನು ನಾನು ತಂಗಿ ಎನ್ನುತ್ತಿದ್ದೆ.

"ಅಣ್ಣಾರ, ಕುದುರಿ ಚಿತ್ರ ಇಲ್ರಿ. ಮೊಳಿ ಸೊಟ್ಟ ಆಗೇತಿ. ಸಾಹೇಬ್ರನ್ನ ಒಂದ್ ಮಾತ್ ಕೇಳ್ರಿ."

"ಫೋಟೋಕ್ಕ ಒಯ್ದಿರ್ತಾರ. ನೀ ಯಾವಾಗ ಸಾಹೇಬ ಆದಿ ಬೇ? ಕಸಾ ಹೊಡಿ," ಎಂದು ನಕ್ಕೆ.

ಮಧ್ಯಾಹ್ನ ಸಾಹೇಬರೇ ಬಂದು ಕುದುರೆ ಎಲ್ಲಿ ಎಂದು ಕೇಳಿದಾಗ ಒಳಕೋಣೆಗೆ ಓಡಿದೆ; ಅಲ್ಲೂ ಇರಲಿಲ್ಲ. ಅಂಗೈಯಗಲದ ಹಳೆಯ ಚಿತ್ರ. ಬೆಳಿಗ್ಗೆಯೇ ಕೇಳಿದ್ದರೆ ಸಿಗುತ್ತಿತ್ತೇನೋ.

ಪೊಲೀಸರು ನಮ್ಮಿಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದರು. ಬೆಳಿಗ್ಗೆಯೇ ಅಣ್ಣನಿಗೆ ಹೇಳಿದ್ದೆ ಎಂದಳು ಆಕೆ. ಫೌಜದಾರರು ನನ್ನ ಕಡೆ ತಿರುಗಿದರು. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನನ್ನ ಬಾಯನ್ನೇ ನೋಡುತ್ತಿದ್ದಳು. ಹೌದೆಂದರೆ ನನ್ನ ನೌಕರಿ ಹೋಗುತ್ತಿತ್ತು.

"ನನಗೇನೂ ಹೇಳಿಲ್ರಿ," ಎಂದೆ.

ಸೆರಗು ಸುತ್ತುವುದು ನಿಂತಿತು. ಸುಳ್ಳು ಹೇಳುವವಳೇ ಕಳ್ಳರಿಗೆ ದಾರಿ ತೋರಿಸಿರಬೇಕು ಎಂದು ಎಲ್ಲರೂ ಮಾತಾಡಿಕೊಂಡರು. ಪುರಾವೆ ಸಿಗದೆ ಪೊಲೀಸರು ಆಕೆಯನ್ನು ಬಿಟ್ಟರು, ಮ್ಯೂಜಿಯಂನವರು ಕೆಲಸದಿಂದ ತೆಗೆದರು. ನಾನು ನಿವೃತ್ತಿಯವರೆಗೂ ಅದೇ ಗೋಡೆ ಕಾದೆ.

ಟಿವಿಯ ಸುದ್ದಿ ನೋಡಿದ ಮೇಲೆ ಮನಸ್ಸು ತಡೆಯದೆ ಬಬಲೇಶ್ವರಕ್ಕೆ ಹೋದೆ. ಆಕೆ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಗುರುತು ಹಿಡಿದು ನೀರು ಕೊಟ್ಟಳು. ಆಮೇಲೆ ಮೊರ ಕೆಳಗಿಟ್ಟು ಕೇಳಿದಳು:

"ಕುದುರಿ ಸಿಕ್ತೇನ್ರಿ? ಊರಾಗ ಇನ್ನೂ ನನಗ ಕುದುರಿ ಕಳ್ಳಿ ಅಂತಾರ."

ಇಲ್ಲ ಎಂದೆ. ಬಸ್ಸಿಗೆ ಹೊತ್ತಾಯಿತೆಂದು ಸುಳ್ಳು ಹೇಳಿ ಎದ್ದೆ.

ಅಲ್ಲಿ ಆಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆಕೆ ಹೇಳಿದ್ದಳು. ನನಗೆ ಕೇಳಿಸಿತ್ತು. ಎದುರು ನಿಂತು ಹೇಳಲಾಗಲಿಲ್ಲ; ತಪ್ಪಾಯಿತು ಎಂದು ಇಲ್ಲಿ ಹೇಳುತ್ತಿರುವುದು ಆಕೆಗೇ, ಕಸ ಗುಡಿಸುತ್ತಿದ್ದ ಬಬಲೇಶ್ವರದ ತಂಗಿಗೆ.